ಫಿಲ್ಲರ್ ನಂತರದ ಹದಿನೇಳು ಗಂಟೆಗಳು

ಕಳೆದ ಏಪ್ರಿಲ್‌ನಲ್ಲಿ ನನ್ನ ಅಕ್ಕನ ಮಗನ ಮದುವೆ ನಿಶ್ಚಯವಾಗಿತ್ತು. ಅದಕ್ಕೆ ಮೂರು ತಿಂಗಳ ಮೊದಲು ನನಗೆ ಟೈಫಾಯ್ಡ್ ಬಂದು ಹನ್ನೊಂದು ಕಿಲೋ ತೂಕ ಇಳಿದಿತ್ತು. ಜ್ವರ ಬಿಟ್ಟರೂ ಮುಖ ಬಿಟ್ಟಿರಲಿಲ್ಲ, ಮೂಗಿನ ಹೊಳ್ಳೆಯಿಂದ ಬಾಯಿಯ ಅಂಚಿಗೆ ಇಳಿಯುವ ಎರಡು ಗೆರೆಗಳು ಎಷ್ಟು ಆಳವಾಗಿದ್ದವೆಂದರೆ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ದಿನಕ್ಕೊಬ್ಬರಾದರೂ “ಆರಾಮ ಇದ್ದೀರಿಲ್ರಿ ಮೇಡಂ?” ಎಂದು ಕೇಳುತ್ತಿದ್ದರು. ನಲವತ್ತಾರನೆಯ ವಯಸ್ಸಿನಲ್ಲಿ ಕನ್ನಡಿಯ ಮುಂದೆ ನಿಂತು ನನ್ನ ಮುಖ ನನಗೆ ಮರಳಿ ಬರಲೆಂದು ಬಯಸಿದ್ದರಲ್ಲಿ ತಪ್ಪಿತ್ತೆಂದು ನಾನು ಈಗಲೂ ಒಪ್ಪುವುದಿಲ್ಲ. ತಪ್ಪಾದದ್ದು ಬೇರೆಡೆ.

ಕಲಬುರಗಿಯ ಮುಖ್ಯ ರಸ್ತೆಯೊಂದರಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಸೌಂದರ್ಯ ಕೇಂದ್ರವೊಂದರ ಬಗ್ಗೆ ನೆರೆಮನೆಯವರು ಹೇಳಿದರು. ಅಲ್ಲಿ ಇಂಥ ಗೆರೆಗಳಿಗೆ ಫಿಲ್ಲರ್, ಅಂದರೆ ತಗ್ಗು ತುಂಬಲು ಚರ್ಮದಡಿ ಚುಚ್ಚುವ ಜೆಲ್, ಹಾಕುತ್ತಿದ್ದರು. ಮದುವೆಗೆ ಒಂಬತ್ತು ದಿನ ಉಳಿದಿತ್ತು. ಚುಚ್ಚುವವರು ವೈದ್ಯರೇ ಎಂದು ನಾನು ಕೇಳಲಿಲ್ಲ. ಬಿಳಿ ಕೋಟು ಧರಿಸಿದ್ದರು, ಅಷ್ಟೇ ಸಾಕೆನಿಸಿತು. ಯಾವ ಔಷಧ, ಯಾವ ಕಂಪನಿ, ಪೆಟ್ಟಿಗೆಯನ್ನು ನನ್ನ ಮುಂದೆ ತೆರೆಯುತ್ತೀರಾ ಎಂದೂ ಕೇಳಲಿಲ್ಲ. ರಸಾಯನಶಾಸ್ತ್ರ ಕಲಿಸುವ ನಾನು ಪ್ರಯೋಗಾಲಯದಲ್ಲಿ ಲೇಬಲ್ ಇಲ್ಲದ ಬಾಟಲಿಯನ್ನು ವಿದ್ಯಾರ್ಥಿಗಳಿಗೆ ಮುಟ್ಟಗೊಡುವುದಿಲ್ಲ. ಅದೇ ಎಚ್ಚರವನ್ನು ನನ್ನ ಮುಖದ ವಿಷಯದಲ್ಲಿ ವಹಿಸದೆ ಹೋದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಶುಕ್ರವಾರ ಸಂಜೆ ನಾಲ್ಕಕ್ಕೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಅರ್ಧ ಗಂಟೆಯೂ ಕಾಯದೆ ಸೂಜಿ ತಂದರು. ಒಂದು ಮಿಲಿಲೀಟರ್ ಜೆಲ್ ತುಂಬಿದ ಸಿರಿಂಜಿನಲ್ಲಿ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಎಂದರು. ಎಡಭಾಗ ತೊಂದರೆಯಿಲ್ಲದೆ ಮುಗಿಯಿತು. ಬಲಭಾಗದಲ್ಲಿ, ಹೊಳ್ಳೆಯ ಪಕ್ಕದ ತಗ್ಗಿನಲ್ಲಿ ಸೂಜಿ ಇಳಿದು ಜೆಲ್ ಒಳಹೋಗುತ್ತಿದ್ದಂತೆ, ಮೇಲ್ದುಟಿಯವರೆಗೆ ಬಿಸಿ ತಂತಿ ಎಳೆದಂಥ ನೋವು ಓಡಿತು. ನಾನು ಕೈ ಎತ್ತಿದೆ. ಅವರು ನಿಲ್ಲಿಸದೆ ಉಳಿದದ್ದನ್ನೂ ತಳ್ಳಿ ಮುಗಿಸಿದರು. ಕೈಗನ್ನಡಿಯಲ್ಲಿ ನೋಡಿದಾಗ ಹೊಳ್ಳೆಯಿಂದ ತುಟಿಯ ಬಲಗಡೆಯವರೆಗೆ ಚರ್ಮ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. “ಕ್ರೀಮಿಂದ ಹಂಗ ಆಗ್ತದ್ರಿ, ಮನಿಗೆ ಹೋಗಿ ಐಸ್ ಇಡ್ರಿ, ನಾಳಿಗೆ ಎಲ್ಲಾ ಇಳಿತದ” ಎಂದರು. ನಾನು ಹಣ ಕೊಟ್ಟು ಕೆಳಗಿಳಿದೆ.

ಆ ಬಿಳುಪು ಮನೆ ಮುಟ್ಟುವಷ್ಟರಲ್ಲಿ ಹೋಗಿತ್ತು; ಅದೇ ನನ್ನನ್ನು ಮೋಸಗೊಳಿಸಿತು. ರಾತ್ರಿ ಎಂಟರ ಹೊತ್ತಿಗೆ ಅಲ್ಲಿ ಬಲೆಯಂತಹ ನೇರಳೆ ಗೆರೆಗಳು ಮೂಡಿದವು. ಸೂಜಿ ತಾಗಿದ ಜಾಗದಲ್ಲಿ ನೀಲಿಗಟ್ಟುವುದು ಸಹಜವೆಂದು ನಾನು ಓದಿದ್ದೆನಾದ್ದರಿಂದ ಇದನ್ನೂ ಅದರ ಲೆಕ್ಕಕ್ಕೆ ಸೇರಿಸಿದೆ. ಆದರೆ ಪೆಟ್ಟಿನ ನೀಲಿ ಒಂದೇ ಕಡೆ ಮಸಿ ಚೆಲ್ಲಿದಂತಿರುತ್ತದೆ, ಒತ್ತಿದರೂ ಬಣ್ಣ ಮಾಸುವುದಿಲ್ಲ. ನನ್ನದು ಕವಲೊಡೆದ ಬಲೆ; ಸೂಜಿ ಚುಚ್ಚದ ತುಟಿಯ ಮೇಲೂ ಹರಡಿತ್ತು. ಈ ವ್ಯತ್ಯಾಸ ಅಂದು ರಾತ್ರಿ ಗೊತ್ತಿದ್ದರೆ ಕನಿಷ್ಠ ಹನ್ನೆರಡು ಗಂಟೆಗಳನ್ನು ಉಳಿಸಿಕೊಳ್ಳುತ್ತಿದ್ದೆ. ಬದಲಿಗೆ ಹೇಳಿದ ಹಾಗೆ ಐಸ್ ಇಟ್ಟುಕೊಂಡು ಮಲಗಿದೆ. ತಣ್ಣನೆಯದು ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತವಿಲ್ಲದೆ ಒದ್ದಾಡುತ್ತಿದ್ದ ಚರ್ಮದಿಂದ ಉಳಿದ ರಕ್ತವನ್ನೂ ನಾನೇ ಕಸಿದುಕೊಂಡಿದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ಮಗಳು ಒತ್ತಾಯದಿಂದ ಚರ್ಮರೋಗ ತಜ್ಞೆಯೊಬ್ಬರ ಬಳಿ ಕರೆದೊಯ್ದಳು. ಸರದಿಯಲ್ಲಿ ಹದಿನಾಲ್ಕು ಜನರಿದ್ದರು. ಬಾಗಿಲ ಬಳಿ ನಿಂತಿದ್ದ ನನ್ನ ಮುಖವನ್ನು ವೈದ್ಯರು ದೂರದಿಂದಲೇ ಕಂಡು, ಎಲ್ಲರಿಗಿಂತ ಮೊದಲು ಒಳಗೆ ಕರೆದರು. ಅವರು ಮಾಡಿದ ಮೊದಲ ಕೆಲಸಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ. ನನ್ನ ಎಡಗೆನ್ನೆಯನ್ನು ಹೆಬ್ಬೆರಳಿನಿಂದ ಕೆಲವು ಕ್ಷಣ ಒತ್ತಿ ಬಿಟ್ಟರು. ಬೆಳ್ಳಗಾದ ಗುರುತು ಒಂದು ಎಣಿಸಿ ಎರಡು ಎನ್ನುವುದರೊಳಗೆ ಮತ್ತೆ ಕೆಂಪಾಯಿತು. ಬಲಗಡೆ ಹೊಳ್ಳೆಯ ಪಕ್ಕ ಒತ್ತಿ ಬಿಟ್ಟು ಗಟ್ಟಿಯಾಗಿ ಎಣಿಸತೊಡಗಿದರು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಏಳಕ್ಕೆ ಮಂಕಾದ ಬಣ್ಣವೊಂದು ನಿಧಾನವಾಗಿ ಮರಳಿತು. ಅವರು ಸಹಾಯಕಿಯ ಕಡೆ ತಿರುಗಿ “ಹೊರಗಿನವರಿಗೆ ಇವತ್ತು ತಡ ಆಗ್ತದಂತ ಹೇಳು” ಎಂದರು.

ಜೆಲ್ ರಕ್ತನಾಳದೊಳಗೆ ಹೊಕ್ಕು ಹರಿವನ್ನು ಕಟ್ಟಿಹಾಕಿತ್ತು; ಒತ್ತಿದ ಜಾಗಕ್ಕೆ ರಕ್ತ ಮರಳಲು ತಡವಾದದ್ದು ಅದಕ್ಕೇ. ಅನಂತರ ಪ್ರಶ್ನೆಗಳು ಬಂದವು. ಕಣ್ಣು ಮಂಜಾಗಿದೆಯೇ, ಒಂದು ಎರಡಾಗಿ ಕಾಣುತ್ತಿದೆಯೇ, ಕಣ್ಣಿನ ಹಿಂದೆ ನೋವಿದೆಯೇ, ರೆಪ್ಪೆ ಜೋತಿದೆಯೇ, ತಲೆನೋವು, ವಾಂತಿ, ಕೈಕಾಲುಗಳಲ್ಲಿ ಬಲಹೀನತೆ? ಒಂದೊಂದು ಕಣ್ಣನ್ನು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿದರು. ಮುಖದ ಮುಖ್ಯ ಅಪಧಮನಿಯು ದವಡೆಯ ಅಂಚಿನಿಂದ ಹತ್ತಿ, ಬಾಯಿಯ ಮೂಲೆಯನ್ನು ಬಳಸಿ, ತುಟಿಗಳಿಗೆ ಕವಲು ಕೊಟ್ಟು, ಮೂಗಿನ ಬದಿಯಲ್ಲಿ ಏರಿ, ಕಣ್ಣಿನ ಒಳಮೂಲೆಯ ಹತ್ತಿರ ಕಣ್ಣಿಗೆ ರಕ್ತ ಕೊಡುವ ನಾಳದ ಕವಲುಗಳೊಂದಿಗೆ ಕೂಡಿಕೊಳ್ಳುತ್ತದೆಂಬುದನ್ನು ಆಮೇಲೆ ವಿವರಿಸಿದರು. ನಾಳದೊಳಗೆ ಒತ್ತಡದಿಂದ ತಳ್ಳಿದ ಜೆಲ್ ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ಸರಿದು, ಒತ್ತಡ ಇಳಿದಾಗ ಕಣ್ಣಿನ ಹಿಂಬದಿಯ ಅಕ್ಷಿಪಟಲದತ್ತ (ರೆಟಿನಾ) ನುಗ್ಗಬಲ್ಲದು. ಅಕ್ಷಿಪಟಲವಾದರೋ ರಕ್ತವಿಲ್ಲದೆ ಒಂದು, ಹೆಚ್ಚೆಂದರೆ ಒಂದೂವರೆ ಗಂಟೆ ತಾಳೀತು. ಆ ಬಳಿಕ ಹೋದ ದೃಷ್ಟಿ ಮರಳುವುದು ತೀರಾ ಅಪರೂಪ. ಹುಬ್ಬುಗಳ ನಡುವೆ, ಮೂಗಿನ ಮೇಲೆ, ಹಣೆಯಲ್ಲಿ ಚುಚ್ಚಿದಾಗ ಈ ಅಪಾಯ ಹೆಚ್ಚು. ನನ್ನ ಗೆರೆಯ ಜಾಗವೂ ಆ ಪಟ್ಟಿಯಿಂದ ಹೊರಗಿಲ್ಲ. ನನ್ನ ಎರಡೂ ಕಣ್ಣುಗಳು ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಓದಿದವು. ಮಗಳು ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ಅತ್ತಳು.

“ಏನು ಚುಚ್ಚಿದ್ರು?” ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಚಿಕಿತ್ಸೆಯೆಲ್ಲ ಆ ಉತ್ತರದ ಮೇಲೆ ನಿಂತಿತ್ತು. ಹೈಯಲುರಾನಿಕ್ ಆಮ್ಲದ ಜೆಲ್ ಆಗಿದ್ದರೆ ಅದನ್ನು ಕರಗಿಸುವ ಕಿಣ್ವವಿದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಎಂಬ ಬೇರೆ ಬಗೆಯ ಫಿಲ್ಲರ್ ಆಗಿದ್ದರೆ, ಇಲ್ಲವೇ ದ್ರವ ಸಿಲಿಕೋನ್‌ನಂಥದ್ದನ್ನು ಯಾರಾದರೂ ಚುಚ್ಚಿದ್ದರೆ, ಆ ಕಿಣ್ವದಿಂದ ಅದು ಕರಗುವುದಿಲ್ಲ. ಮಗಳು ಆ ಕೇಂದ್ರಕ್ಕೆ ಐದು ಸಲ ಫೋನ್ ಮಾಡಿದ ಮೇಲೆ, ಕಸದ ಡಬ್ಬಿಯಿಂದ ತೆಗೆದ ಪೆಟ್ಟಿಗೆಯ ಫೋಟೊ ವಾಟ್ಸ್ಆ್ಯಪ್‌ಗೆ ಬಂತು. ಹೈಯಲುರಾನಿಕ್ ಆಮ್ಲ, ಜೊತೆಗೆ ಲಿಡೊಕೇನ್. ಈ ಲಿಡೊಕೇನ್ ಮರಗಟ್ಟಿಸುವ ಮದ್ದು. ನಾಳ ಕಟ್ಟಿಕೊಂಡಾಗಿನ ನೋವನ್ನು ಅದು ಎಷ್ಟೋ ಜನರಲ್ಲಿ ಮುಚ್ಚಿಹಾಕುತ್ತದೆಂದೂ, ನೋವಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದೆಂದೂ ವೈದ್ಯರು ಹೇಳಿದರು.

ಈ ಆಮ್ಲದ ಕತೆ ನನಗೆ ಗೊತ್ತಿದ್ದದ್ದೇ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನೊಳಗಿನ ಲೋಳೆಯಂಥ ದ್ರವದಿಂದ ಬೇರ್ಪಡಿಸಿದರು. ನೀರನ್ನು ಹಿಡಿದಿಡುವ ಉದ್ದನೆಯ ಸಕ್ಕರೆ ಸರಪಳಿ ಅದು. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ತಾನಾಗಿಯೇ ಇದೆ, ದೇಹ ದಿನವೂ ಅದನ್ನು ಒಡೆದು ಹೊಸದನ್ನು ಕಟ್ಟುತ್ತಿರುತ್ತದೆ. ಫಿಲ್ಲರಿನಲ್ಲಿ ಆ ಸರಪಳಿಗಳ ನಡುವೆ ರಾಸಾಯನಿಕ ಸೇತುವೆಗಳನ್ನು ಕಟ್ಟಿರುವುದರಿಂದ ಒಂದೆರಡು ದಿನಗಳಲ್ಲಿ ಕರಗಬೇಕಾದದ್ದು ತಿಂಗಳುಗಟ್ಟಲೆ ನಿಲ್ಲುತ್ತದೆ. ಹೈಯಲುರೊನಿಡೇಸ್ ಎಂಬ ಕಿಣ್ವ ಆ ಸರಪಳಿಯ ಕೊಂಡಿಗಳನ್ನೇ ಕತ್ತರಿಸುತ್ತದೆ. ಪಾಠದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಈ ಕ್ರಿಯೆ ಅಂದು ನನ್ನ ತುಟಿ ಉಳಿಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸಲಿತ್ತು.

ವೈದ್ಯರ ಫ್ರಿಜ್‌ನಲ್ಲಿ 1500 ಯೂನಿಟ್‌ಗಳ ಎರಡು ಸೀಸೆಗಳಿದ್ದವು. ಅವು ಸಾಲದೆ ಹೋಗಬಹುದೆಂದು, ಕಣ್ಣಿನ ಆಸ್ಪತ್ರೆಯ ಪರಿಚಯದ ವೈದ್ಯರಿಗೆ ಫೋನ್ ಮಾಡಿ ಇನ್ನೆರಡನ್ನು ಕೇಳಿದರು. ಮೋತಿಬಿಂದು ಶಸ್ತ್ರಚಿಕಿತ್ಸೆಗೆ ಕಣ್ಣಿನ ಸುತ್ತ ಮರಗಟ್ಟಿಸುವ ಮದ್ದು ಬೇಗ ಹರಡಲೆಂದು ಇದೇ ಕಿಣ್ವವನ್ನು ಬೆರೆಸುತ್ತಾರೆ. ಹಾಗಾಗಿ ಚರ್ಮದ ಕ್ಲಿನಿಕ್‌ಗಳಲ್ಲಿ ಸಿಗದಿದ್ದರೂ ಕಣ್ಣಿನ ಆಸ್ಪತ್ರೆಗಳಲ್ಲಿ ಸಿಗುವ ಸಾಧ್ಯತೆಯಿದೆ. ನಮ್ಮಂಥ ಊರಿನಲ್ಲಿ ಇದು ತಿಳಿದಿರಬೇಕಾದ ಮಾತು. ಹೈದರಾಬಾದಿಗೆ ಹೋಗಬೇಕೇ ಎಂದು ಮಗಳು ಕೇಳಿದಾಗ ಅವರು ಹೇಳಿದ್ದು: “ದಾರಿಯಲ್ಲಿ ಕಳೆಯೋ ನಾಲ್ಕೈದು ತಾಸು ಚರ್ಮದ ಲೆಕ್ಕದಾಗ ಬಹಳ ದೊಡ್ಡದು. ಔಷಧ ಇಲ್ಲೇ ಅದ.”

ಮದ್ದು ಕೊಡುವ ಮೊದಲು ಜೇನುಹುಳು ಕಡಿದು ಎಂದಾದರೂ ಉಸಿರುಗಟ್ಟಿದ್ದುಂಟೇ ಎಂದು ಕೇಳಿದಾಗ ನನಗೆ ಅಚ್ಚರಿಯಾಯಿತು. ಜೇನಿನ ವಿಷದಲ್ಲೂ ಈ ಕಿಣ್ವವಿದೆ. ಅದಕ್ಕೆ ತೀವ್ರ ಅಲರ್ಜಿ ಇರುವವರಿಗೆ ಇದೂ ಒಗ್ಗದಿರಬಹುದು. ಆಳಂದದ ಕಡೆಯ ನಮ್ಮ ತೊಗರಿ ಹೊಲದಲ್ಲಿ ಒಮ್ಮೆ ಹುಳು ಕಡಿದು ಕೈ ಊದಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಆದರೂ ಅಡ್ರಿನಾಲಿನ್ ಇಂಜೆಕ್ಷನ್ ತುಂಬಿಸಿ ಟ್ರೇಯಲ್ಲಿ ಇರಿಸಿಕೊಂಡ ಮೇಲೆಯೇ ಸೂಜಿ ಹಿಡಿದರು. ಹೊಟ್ಟೆಯ ಹುಣ್ಣು ಇಲ್ಲವೆಂದು ಖಚಿತಪಡಿಸಿಕೊಂಡು ಆಸ್ಪಿರಿನ್ ಮಾತ್ರೆ ನುಂಗಿಸಿದರು.

ಮೊದಲ ಸುತ್ತು ಒಂಬತ್ತೂಮುಕ್ಕಾಲಿಗೆ ಆರಂಭವಾಯಿತು. ಸಲೈನ್‌ನಲ್ಲಿ ಕರಗಿಸಿದ ಸುಮಾರು ಸಾವಿರ ಯೂನಿಟ್‌ಗಳನ್ನು ಹೊಳ್ಳೆಯ ಪಕ್ಕದಿಂದ ಮೇಲ್ದುಟಿಯವರೆಗೆ, ಬಣ್ಣ ಬದಲಾದ ಜಾಗವೆಲ್ಲ ನೆನೆಯುವಂತೆ ಚುಚ್ಚಿದರು. ಕಟ್ಟಿಕೊಂಡ ನಾಳವನ್ನು ಹುಡುಕಿ ಅದರೊಳಗೇ ಚುಚ್ಚಬೇಕಿಲ್ಲ. ಕಿಣ್ವ ನಾಳದ ಗೋಡೆಯನ್ನು ದಾಟಿ ಒಳಗಿನ ಜೆಲ್ ಅನ್ನು ಮುಟ್ಟುತ್ತದೆ, ಆದರೆ ಸುತ್ತಲೂ ಸಾಕಷ್ಟು ಪ್ರಮಾಣದಲ್ಲಿ ಇರಬೇಕು. ಹಸಿ ಗಾಯಕ್ಕೆ ಖಾರ ಸವರಿದಂತೆ ಉರಿಯಿತು. ಬೆರಳುಗಳಿಂದ ಬಲವಾಗಿ ತಿಕ್ಕಿದರು; ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರು. ಒಂದು ಗಂಟೆಯ ನಂತರ ಒತ್ತಿ ಬಿಟ್ಟು ಎಣಿಸಿದಾಗ ಐದು. ಎರಡನೆಯ ಸುತ್ತು. ಈ ಕಿಣ್ವ ಬೇಗ ಕೆಲಸ ಮಾಡುತ್ತದೆ, ಬೇಗ ನಶಿಸುತ್ತದೆ. ಆದ್ದರಿಂದ ಸ್ವಲ್ಪ ಕೊಟ್ಟು ನಾಳೆ ನೋಡೋಣವೆನ್ನುವ ಹಳೆಯ ಪದ್ಧತಿ ಬಿಟ್ಟು, ಪೀಡಿತ ಭಾಗದ ಅಳತೆಗೆ ತಕ್ಕಂತೆ ದೊಡ್ಡ ಪ್ರಮಾಣವನ್ನು ಗಂಟೆಗೊಮ್ಮೆ, ಬಣ್ಣ ಮರಳುವವರೆಗೂ ಕೊಡುವ ಕ್ರಮವನ್ನು ಕೆನಡಾದ ಡಾ. ಕ್ಲೌಡಿಯೊ ಡಿಲೊರೆಂಝಿ 2017ರಲ್ಲಿ ಪ್ರಕಟಿಸಿದರೆಂದು, ತಾವು ಅದನ್ನೇ ಅನುಸರಿಸುತ್ತಿರುವುದಾಗಿ ತಿಳಿಸಿದರು. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಒಳಗೆ ನನ್ನ ಮುಖ ಊದಿ, ಮೂಗೇ ಕಾಣದಂತಾಗಿತ್ತು. ಮೂರನೆಯ ಸುತ್ತಿನ ನಂತರ ನಾಲ್ಕು ಎಣಿಕೆ. ಕಣ್ಣಾಸ್ಪತ್ರೆಯಿಂದ ಬಂದ ಸೀಸೆಯಿಂದ ನಾಲ್ಕನೆಯ ಸುತ್ತು ಕೊಟ್ಟು, ಎರಡೂವರೆಯ ಸುಮಾರಿಗೆ ಮತ್ತೆ ಹೆಬ್ಬೆರಳು ಒತ್ತಿದರು. ಒಂದು, ಎರಡು. ಚರ್ಮ ಕೆಂಪಾಯಿತು. ನಂಬದೆ ಇನ್ನೂ ಮೂರು ಜಾಗಗಳಲ್ಲಿ ಒತ್ತಿ ನೋಡಿದರು, ಮಗಳ ಕೈಯಿಂದಲೂ ಒತ್ತಿಸಿದರು, ಯಾಕೆಂದರೆ ಆ ರಾತ್ರಿ ಎರಡು ಗಂಟೆಗೊಮ್ಮೆ ಎಣಿಸಬೇಕಾದವಳು ಅವಳು.

ಹೊಲದ ಡ್ರಿಪ್ ಪೈಪಿನಲ್ಲಿ ಕಸ ಸಿಕ್ಕಿಕೊಂಡರೆ ಅಲ್ಲಿಂದ ಮುಂದಿನ ಗಿಡಗಳಷ್ಟೇ ಬಾಡುತ್ತವೆ. ನೀರು ಬಿಟ್ಟ ಮೇಲೆ ಕೆಲವು ಚಿಗುರುತ್ತವೆ, ತೀರಾ ಒಣಗಿದ್ದು ಚಿಗುರುವುದಿಲ್ಲ. ಹದಿನೇಳು ಗಂಟೆ ತಡಮಾಡಿದ್ದಕ್ಕೆ ನನ್ನ ಚರ್ಮದಲ್ಲೂ ಅಷ್ಟು ನಷ್ಟವಾಯಿತು. ಮೂರನೆಯ ದಿನ ಹೊಳ್ಳೆಯ ಅಂಚಿನಲ್ಲಿ ಮೊಡವೆಗಳಂಥ ಬಿಳಿ ಕೀವುಗುಳ್ಳೆಗಳು ಎದ್ದವು. ಅವನ್ನು ಹಿಂಡಬಾರದು; ಅವು ಮೊಡವೆಗಳಲ್ಲ, ರಕ್ತ ಸಿಗದೆ ನೊಂದ ಚರ್ಮದ ಗುರುತು. ಐದನೆಯ ದಿನ ತೊಗರಿ ಕಾಳಿನಷ್ಟು ಜಾಗ ಕಪ್ಪಾಯಿತು. ದಿನಕ್ಕೆರಡು ಸಲ ಸಲೈನ್‌ನಿಂದ ಒರೆಸಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಹಕ್ಕಳೆಯನ್ನು ಕೀಳದೆ ಹಸಿಯಾಗಿ ಇಟ್ಟುಕೊಂಡೆ. ಖಡಕ್ ರೊಟ್ಟಿ ಕಡಿಯಲು ಬಾಯಿ ಅಗಲಿಸಿದರೆ ತುಟಿ ಬಿರಿಯುತ್ತಿತ್ತು. ಎರಡು ವಾರ ಅಮ್ಮ ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ಮುರಿದು ನೆನೆಸಿ ಕೊಟ್ಟರು. ಮದುವೆಯ ದಿನ ಹೋಗಿ ಅಕ್ಷತೆ ಹಾಕಿದೆ, ಫೋಟೊದಲ್ಲಿ ಎಡಗಡೆ ನಿಂತೆ. ಹದಿನಾರನೆಯ ದಿನ ಹಕ್ಕಳೆ ತಾನಾಗಿ ಉದುರಿತು. ನಮ್ಮ ಬಿಸಿಲಿನಲ್ಲಿ ಹೊಸ ಚರ್ಮ ಕಪ್ಪಾಗುವುದು ಬೇಗ. ಆರು ತಿಂಗಳು ಸನ್‌ಸ್ಕ್ರೀನ್ ಮತ್ತು ಸೆರಗು ಎರಡನ್ನೂ ಬಿಡಲಿಲ್ಲ. ಈಗ ಉಳಿದಿರುವುದು ಹತ್ತಿರದಿಂದ ಮಾತ್ರ ಕಾಣುವ ಸಣ್ಣದೊಂದು ತಗ್ಗು.

ಎಲ್ಲ ತೊಂದರೆಗಳೂ ಹೀಗೆ ಗಂಟೆಗಳ ಲೆಕ್ಕದಲ್ಲಿ ಬರುವುದಿಲ್ಲ. ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಗಂಟುಗಳು ಏಳಬಹುದು. ಜೆಲ್ ತೀರಾ ಮೇಲ್ಪದರದಲ್ಲಿ ಕೂತರೆ ಚರ್ಮದಡಿ ನೀಲಿ ಛಾಯೆ ಕಾಣಬಹುದು. ಅವಕ್ಕೆ ಕಾದು, ಪರೀಕ್ಷಿಸಿ ಚಿಕಿತ್ಸೆ ಮಾಡಲು ಸಮಯವಿರುತ್ತದೆ. ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ತೂರಿಸುವ ಪೆನ್ನುಗಳನ್ನು ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲೇ ಬಳಸುವವರಿದ್ದಾರೆ. ಅವನ್ನು ಬಳಸಬೇಡಿರೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ತರಗತಿಯಲ್ಲೇ ಹೇಳಿದ್ದೇನೆ.

ಆ ಕೇಂದ್ರದ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಪ್ರಕಾರ ಖಾಸಗಿ ಚಿಕಿತ್ಸಾಲಯಕ್ಕೆ ನೋಂದಣಿ ಕಡ್ಡಾಯ. ಆ ಮಹಡಿಯ ಯಾವ ಗೋಡೆಯ ಮೇಲೂ ನೋಂದಣಿ ಪತ್ರವನ್ನು ನಾನು ಕಂಡಿರಲಿಲ್ಲ. ಮಗಳು ಗಂಟೆಗೊಂದರಂತೆ ತೆಗೆದಿದ್ದ ಫೋಟೊಗಳನ್ನೂ ಪೆಟ್ಟಿಗೆಯ ಫೋಟೊವನ್ನೂ ಲಗತ್ತಿಸಿದ್ದೇನೆ.

ಆರು ತಿಂಗಳ ಬಳಿಕ ಸಹೋದ್ಯೋಗಿಯೊಬ್ಬರು ತಮಗೂ ಗೆರೆಗಳಿಗೆ ಫಿಲ್ಲರ್ ಬೇಕೆಂದಾಗ ನಾನು ಬೇಡವೆನ್ನಲಿಲ್ಲ, ಜೊತೆಗೆ ಬರುತ್ತೇನೆಂದೆ. ಅದೇ ವೈದ್ಯರು. ಮೊದಲ ದಿನ ಅವರನ್ನು ಚುಚ್ಚದೆ ವಾಪಸು ಕಳಿಸಿದರು, ಏಕೆಂದರೆ ನಾಲ್ಕು ದಿನದ ಹಿಂದೆ ಹಲ್ಲು ಕೀಳಿಸಿದ್ದರು. ಬಾಯಿಯಿಂದ ರಕ್ತಕ್ಕೆ ಸೇರುವ ಸೂಕ್ಷ್ಮಾಣುಗಳು ಜೆಲ್‌ನಲ್ಲಿ ಮನೆಮಾಡಬಾರದೆಂದು ಎರಡು ವಾರದ ಅಂತರ ಕೇಳಿದರು. ಹತ್ತಿರದಲ್ಲಿ ಯಾವ ಸಮಾರಂಭವೂ ಇಲ್ಲವೆಂದು ಕೇಳಿ ತಿಳಿದುಕೊಂಡರು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನುಂಗುತ್ತಿದ್ದೀರಾ, ಬರೆದುಕೊಟ್ಟ ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬೇಡಿ ಎಂದರು.

ಮತ್ತೆ ಹೋದ ದಿನ, ಪೆಟ್ಟಿಗೆಯನ್ನು ನಮ್ಮೆದುರು ಒಡೆದು, ಬ್ಯಾಚ್ ಸಂಖ್ಯೆಯ ಸ್ಟಿಕರ್ ಒಂದನ್ನು ತಮ್ಮ ಕಡತಕ್ಕೂ ಇನ್ನೊಂದನ್ನು ನನ್ನ ಗೆಳತಿಯ ಚೀಟಿಗೂ ಅಂಟಿಸಿದರು. ನಾನು ಕೇಳಿದ ಒಂದೇ ಪ್ರಶ್ನೆಗೆ ಎದ್ದು ಫ್ರಿಜ್ ತೆರೆದು ತೋರಿಸಿದರು: ಹೈಯಲುರೊನಿಡೇಸ್ ಆರು ಸೀಸೆ. ಚುಚ್ಚುವ ಮುನ್ನವೇ ಎರಡೂ ಕೆನ್ನೆ ಒತ್ತಿ, ಎಣಿಕೆ ಬರೆದಿಟ್ಟುಕೊಂಡರು. ಚೂಪು ಸೂಜಿಯ ಬದಲು ಮೊಂಡು ತುದಿಯ ತೆಳು ನಳಿಕೆಯನ್ನು (25 ಗೇಜ್ ಕ್ಯಾನುಲಾ) ಹಿಡಿದು, ಅದೂ ನಾಳವನ್ನು ಚುಚ್ಚುವುದಿಲ್ಲವೆಂಬ ಖಾತ್ರಿಯಿಲ್ಲ, ಅಪಾಯ ಕಡಿಮೆ ಅಷ್ಟೇ ಎಂದು ಹೇಳಿಯೇ ಶುರುಮಾಡಿದರು. ಒಂದು ಸಲಕ್ಕೆ ಮಿಲಿಲೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಬಿಡದೆ, ತುದಿಯನ್ನು ಹಿಂದಕ್ಕೆ ಎಳೆಯುತ್ತ ನಿಧಾನವಾಗಿ ಬಿಟ್ಟು, ನಿಂತು, ಚರ್ಮದ ಬಣ್ಣ ನೋಡಿ, ನೋವಿದೆಯೇ ಎಂದು ಕೇಳಿ, ಮತ್ತೆ ಮುಂದುವರಿದರು. ಹತ್ತು ನಿಮಿಷದಲ್ಲಿ ನನ್ನ ಮುಖಕ್ಕೆ ಮಾಡಿದ ಕೆಲಸಕ್ಕೆ ಇಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಮುಗಿದ ಮೇಲೆ ಅರ್ಧ ಗಂಟೆ ಹೊರಗೆ ಕೂರಿಸಿ, ಪುನಃ ಎಣಿಸಿ, ಮೊಬೈಲ್ ನಂಬರ್ ಕೊಟ್ಟು ಕಳಿಸಿದರು.

ರಾತ್ರಿ ಒಂಬತ್ತಕ್ಕೆ ಗೆಳತಿಯ ಫೋನ್ ಬಂತು. “ಎರಡೂ ಕಡೆ ಒತ್ತಿ ನೋಡಿದೆ, ಎರಡು ಎಣಿಸೋದ್ರೊಳಗ ಕೆಂಪಾತು ನೋಡ್ರಿ.” ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಹಗಲಿನ ಬೆಳಕಿನಲ್ಲಿ ಕಿಟಕಿಯ ಹತ್ತಿರ ನಿಂತು ನೋಡಿರೆಂದು ಹೇಳಿ ಫೋನಿಟ್ಟೆ.